ಹುಲಿಗವ್ವನ ಎರಡನೆಯ ದಿಮ್ಮಿ

ತಳಕಲ್ಲಿನ ಹುಲಿಗವ್ವ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಓಡುತ್ತಿದ್ದದ್ದು ಕಳೆ ಕೀಳಲಿಕ್ಕಲ್ಲ, ನೀರು ಹಾಯಿಸಲಿಕ್ಕೂ ಅಲ್ಲ. ಹೂಗಳ ಲಗ್ನ ಮಾಡಲಿಕ್ಕೆ. ಕುಂಬಳದ ಗಂಡು ಹೂ ಕಿತ್ತು, ಅದರ ಪಕಳೆ ಹರಿದು, ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಿ ಮುಂದಿನ ಬಳ್ಳಿಗೆ ಬಗ್ಗಬೇಕು. ಬಿಸಿಲೇರಿತೋ, ಹೂ ಬಾಯಿ ಮುಚ್ಚಿಕೊಳ್ಳುತ್ತವೆ. ಮುಟ್ಟಿಸದೆ ಉಳಿದ ಹೂವಿನ ಮಿಡಿ ಹಳದಿಯಾಗಿ ಉದುರುತ್ತದೆ. ಜೇನುಹುಳಗಳು ಪುಕ್ಕಟೆ ಮಾಡುತ್ತಿದ್ದ ಈ ಚಾಕರಿ ಈಗ ಅವಳ ಸೊಂಟದ ಮೇಲೆ ಬಿದ್ದಿತ್ತು. ಆ ಸೊಂಟವೂ ಈ ಹಂಗಾಮಿನಲ್ಲಿ ಕೈಕೊಡತೊಡಗಿತ್ತು.

ಸೊಂಟ ಹೋದರೆ ಹೊಲವೂ ಹೋದಂತೆ. ಹನುಮನಹಳ್ಳಿಯ ಕಲ್ಲುಬಂಡೆಗಳ ನಡುವೆ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದವಳು, ಅರ್ಧ ಆಯುಷ್ಯ ಮಂದಿಯ ಹೊಲದಲ್ಲಿ ಕೂಲಿ ಮಾಡಿದ್ದಳು. ಅತ್ತೆಯ ಪಾಲಿನ ಈ ತುಂಡು ನೆಲ ಕೈಗೆ ಬಂದ ಮೇಲೆ, ಇನ್ನು ಕೂಲಿಗೆಂದು ಮಂದಿಯ ಬದುವಿಗೆ ಕಾಲಿಡುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅವಳು ತನಗೆ ತಾನೇ ಹೇಳಿಕೊಂಡ ಮಾತನ್ನು ಬ್ರಹ್ಮ ಬಂದರೂ ಬಿಡಿಸಲಾರ. ನಲವತ್ತು ದಾಟಿದ ಮೇಲೆ ಮೊಪೆಡ್ ಕಲಿಯಲು ಹೋಗಿ ಮುಳ್ಳಿನ ಬೇಲಿಗೆ ಬಿದ್ದು, ಮೈಕೈ ತರಚಿಕೊಂಡು, ಅದೇ ಸಂಜೆ ಅದೇ ಗಾಡಿಯ ಮೇಲೆ ಯಲಬುರ್ಗಾಕ್ಕೆ ಹೋಗಿಬಂದ ಹೆಂಗಸು ಅವಳು.

ಜೇನು ಎಲ್ಲಿಗೆ ಹೋದವು ಎಂಬುದು ಹುಲಿಗವ್ವನಿಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಗಂಡ ಯಮನೂರಪ್ಪನ ಕೆಲಸವೇ ಎಣ್ಣೆ ಹೊಡೆಯುವುದು. ಈ ಎಣ್ಣೆ ದೀಪಕ್ಕೂ ಅಲ್ಲ, ಒಗ್ಗರಣೆಗೂ ಅಲ್ಲ. ಬೆಳೆಯ ಹುಳ ಕೊಲ್ಲುವ ಔಷಧಿ. ಬೆನ್ನಿಗೆ ಪಂಪು ಕಟ್ಟಿಕೊಂಡು ಅವನು ಊರವರ ಹೊಲಗಳಲ್ಲೆಲ್ಲ ತಿರುಗುತ್ತಿದ್ದ. ಒಂದು ಸಾಲು ಬಿಡದಂತೆ ಹೊಡೆಯುತ್ತಾನೆ ಎಂದು ಒಳ್ಳೆಯ ಹೆಸರಿತ್ತು. ಮನೆಯ ರೊಟ್ಟಿಗೆ ಆ ಪಂಪೂ ಬೇಕಿತ್ತು.

ಒಂದು ದಿನ ಗಂಡನ ಫೋನಿನಲ್ಲಿ ಅವಳ ಕಣ್ಣಿಗೆ ಒಂದು ವಿಡಿಯೊ ಬಿತ್ತು. ಯಾವುದೋ ಚಳಿಯ ದೇಶದ ಮುದುಕನೊಬ್ಬ ಮರದ ದಿಮ್ಮಿಯ ಹೊಟ್ಟೆ ಕೊರೆದು, ಎರಡೂ ಕಡೆ ಹಲಗೆ ಬಡಿದು, ಕಿರುಬೆರಳಿನಷ್ಟು ದಪ್ಪದ ತೂತು ಮಾಡಿ ಗಿಡದ ಕವಲಿಗೆ ಕಟ್ಟಿದ. ಸ್ವಲ್ಪ ಹೊತ್ತಿಗೆ ಆ ತೂತಿನಿಂದ ಜೇನು ಹೊರಗೂ ಒಳಗೂ ಓಡಾಡುತ್ತಿದ್ದವು. ಅವನ ಭಾಷೆಯ ಒಂದಕ್ಷರವೂ ಅವಳಿಗೆ ತಿಳಿಯಲಿಲ್ಲ. ಕೈಕೆಲಸ ಮಾತ್ರ ತಿಳಿಯಿತು. ಹನುಮನಹಳ್ಳಿಯ ಹಳೆಯ ಮರಗಳ ಪೊಟರೆಯಲ್ಲಿ ಜೇನು ಹೀಗೇ ಇರುತ್ತಿದ್ದವು ಎಂಬುದು ನೆನಪಾಯಿತು. ಪೊಟರೆಯ ಮರಗಳು ಇಲ್ಲದಿದ್ದರೆ ಪೊಟರೆಯನ್ನೇ ಮಾಡಿಟ್ಟರಾಯಿತು ಎಂದು ಅವಳು ಅಲ್ಲಿಯೇ ತೀರ್ಮಾನಿಸಿದಳು. ಜೇನುತುಪ್ಪದ ಆಸೆ ಅವಳಿಗಿರಲಿಲ್ಲ. ಹುಳ ಬಂದು ಇದ್ದರೆ ಸಾಕು.

ಯಲಬುರ್ಗಾದ ಸಂತೆಯ ದಾರಿಯಲ್ಲಿ ಶಹನಾಜಬೇಗಂ ಎಂಬಾಕೆಯ ಕಟ್ಟಿಗೆ ಅಡ್ಡೆ ಇದೆ. ಹುಲಿಗವ್ವ ಅಲ್ಲಿ ಗಾಡಿ ನಿಲ್ಲಿಸಿ, ಹೊಟ್ಟೆ ಪೊಳ್ಳಾದ ದಿಮ್ಮಿ ಇದೆಯೇ ಎಂದು ಕೇಳಿದಳು. ಎಲ್ಲರೂ ಗಟ್ಟಿ ಕಟ್ಟಿಗೆ ಕೇಳುವ ಜಾಗದಲ್ಲಿ ಇವಳು ಪೊಳ್ಳು ಕೇಳಿದ್ದು ಶಹನಾಜಬೇಗಂಗೆ ನಗು ತರಿಸಿತು. ಆದರೂ ಉರುವಲಿಗೆಂದು ಮೂಲೆಗೆ ತಳ್ಳಿದ್ದ ಒಂದು ಬೇವಿನ ತುಂಡು ಹುಡುಕಿಕೊಟ್ಟಳು. ಅದರ ತಿರುಳು ತಾನಾಗಿಯೇ ಕೊಳೆತು ಹೋಗಿತ್ತು. ಹುಲಿಗವ್ವ ಒಳಗೆಲ್ಲ ಕೆರೆದು ಸ್ವಚ್ಛ ಮಾಡಿ, ಹಲಗೆ ಬಡಿದು, ತೂತು ಮಾಡಿ, ಹೊಲದ ಬದುವಿನ ಹೊಂಗೆಯ ನೆರಳಿನಲ್ಲಿ ಕಲ್ಲುಗಳ ಮೇಲೆ ಮಲಗಿಸಿದಳು. ಇಷ್ಟು ಸುಲಭವೇ ಎಂದು ಹಿಗ್ಗಿದಳು.

ಹಿಗ್ಗಿದ ಮೇಲೆ ಸುಮ್ಮನಿರಬೇಕಿತ್ತು. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಟ್ಟು ಆಮೇಲೆ ಮಾತಾಡಿಸುವ ಸೀಮೆ ಇದು. ಜೇನು ಬರಲಿ ಎಂದು ಕರೆಯುವವಳು ಖಾಲಿ ಮನೆ ತೋರಿಸಿ ಕರೆಯುವುದೇ? ಹುಲಿಗವ್ವ ಒಂದು ಹೆಂಟೆ ಬೆಲ್ಲ ಒಳಗಿಟ್ಟು, ಪಕ್ಕದಲ್ಲಿ ಚಿಪ್ಪಿನಲ್ಲಿ ನೀರೂ ಇಟ್ಟು, ಹಲಗೆ ಮುಚ್ಚಿ ಸಂತೆಗೆ ಹೋದಳು.

ಬೀಗರ ಬದಲು ಇರುವೆಗಳ ದಿಬ್ಬಣ ಬಂತು. ಸಂಜೆ ಹೊಲದ ಕಡೆ ಬಂದ ಯಮನೂರಪ್ಪ ನೋಡುತ್ತಾನೆ, ದಿಮ್ಮಿಯ ಮೈಯೆಲ್ಲ ಕೆಂಪು ಸಾಲು. ಹೆಂಡತಿ ಇಷ್ಟು ಆಸೆಯಿಂದ ಮಾಡಿದ್ದು ಹಾಳಾಗುತ್ತಿದೆ ಎಂದು ಅವನ ಜೀವ ಚುರುಕ್ ಎಂದಿತು. ಅವನಿಗೆ ಗೊತ್ತಿದ್ದ ಉಪಾಯ ಒಂದೇ. ಪಂಪಿನ ತಳದಲ್ಲಿ ಉಳಿದಿದ್ದ ಎಣ್ಣೆಯನ್ನು ತೂತಿನೊಳಗೆ ಬಿಟ್ಟ. ಹುಲಿಗವ್ವ ಬಂದಾಗ, ಒಂದು ಇರುವೆ ಉಳಿದಿದ್ದರೆ ತೋರಿಸು ಎಂದು ಹೆಮ್ಮೆಯಿಂದ ನಿಂತಿದ್ದ.

ಅವಳು ದಿಮ್ಮಿಯ ಬಳಿ ಮೂಗು ತಂದು ಹಿಂದೆ ಸರಿದಳು. ಬೇವಿನ ಕಟ್ಟಿಗೆ ವಿಷವನ್ನೆಲ್ಲ ಕುಡಿದಿತ್ತು. ಇನ್ನು ಅದನ್ನು ಒಲೆಗೆ ಹಾಕಲೂ ಬರುವಂತಿರಲಿಲ್ಲ.

"ಇರುವಿ ಯಾವ್ದು, ಜೇನು ಯಾವ್ದು ಅಂತ ನಿಮ್ಮ ಎಣ್ಣಿಗೆ ಗೊತ್ತಾಕ್ಕೈತೇನ್ರಿ?" ಎಂದು ಕೇಳಿದಳು.

ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಬೆಲ್ಲ ಇಟ್ಟದ್ದು ತಾನೇ ಎಂಬುದೂ ಗೊತ್ತಿದ್ದರಿಂದ ಹೆಚ್ಚು ಕೂಗಾಡಲು ಬಾಯಿ ಬರಲಿಲ್ಲ. ಹಳ್ಳದ ದಂಡೆಯಾಚೆ ಗುಂಡಿ ತೋಡಿ ದಿಮ್ಮಿಯನ್ನು ಹೂತುಬಂದಳು. ಮರುದಿನ ಮತ್ತೆ ಶಹನಾಜಬೇಗಂಳ ಅಡ್ಡೆಯ ಮುಂದೆ ಅವಳ ಮೊಪೆಡ್ ನಿಂತಿತು.

ಈ ಸಲ ಪೊಳ್ಳು ದಿಮ್ಮಿ ಇರಲಿಲ್ಲ. ಮೃದು ಜಾತಿಯ ಹಾಲವಾಣ ಮರದ, ತಿರುಳು ಕೊಳೆಯದ ಗಟ್ಟಿ ಬೊಡ್ಡೆ ಒಂದಿತ್ತು. ಶಹನಾಜಬೇಗಂ ಅದನ್ನು ಗರಗಸಕ್ಕೆ ಕೊಟ್ಟು ಉದ್ದಕ್ಕೆ ಎರಡು ಹೋಳು ಮಾಡಿಸಿದಳು. ಉಳಿ, ಕೊಡತಿಗಳನ್ನೂ ಎರವಲು ಕೊಟ್ಟಳು. ಯಾವುದೋ ಮರ ಸೀಳಿದಾಗ ಒಳಗೆ ಸಿಕ್ಕಿದ್ದ ಹಳೆಯ ಜೇನುಮೇಣದ ಉಂಡೆಯನ್ನೂ ಚೀಲಕ್ಕೆ ಹಾಕಿದಳು. "ಇದು ನಿನಗ ಇರ್ಲಿ ಅಕ್ಕಾ. ವಾಸನಿ ಹಿಡದು ಬಂದ್ರ ಬರಬೋದು," ಎಂದಳು.

ಪೊಳ್ಳನ್ನು ಕೆರೆಯುವುದು ಬೇರೆ, ಗಟ್ಟಿಯನ್ನು ಪೊಳ್ಳು ಮಾಡುವುದು ಬೇರೆ. ಮೊದಲ ಏಟಿಗೇ ಉಳಿ ಜಾರಿ ಹೆಬ್ಬೆರಳು ಕೊಯ್ಯಿತು. ಅರಿಸಿನ ಒತ್ತಿ, ಬಟ್ಟೆ ಸುತ್ತಿ, ಉಳಿಯನ್ನು ಓರೆಯಾಗಿ ಹಿಡಿಯಲು ಕಲಿತಳು. ಅಡುಗೆ ಮುಗಿಸಿ ಕೂತರೆ ಕಟ್ಟಾ ಕುಟ್ಟಾ ಶುರು. ಅಂಗಳದ ಮುಂದೆ ಹಾಯುವವರು, ದನಕ್ಕೆ ದೋಣಿ ಮಾಡುತ್ತೀಯೋ ಮೊಮ್ಮಗುವಿಗೆ ತೊಟ್ಟಿಲೋ ಎಂದು ಕೇಳಿ ಹೋಗುತ್ತಿದ್ದರು. ಅವಳು ತಲೆ ಎತ್ತದೆ, ಎರಡೂ ಅಲ್ಲ ಎನ್ನುತ್ತಿದ್ದಳು. ಅಂಗೈಯ ಬೊಬ್ಬೆ ಒಡೆದು ಗಟ್ಟಿಯಾಗುವ ಹೊತ್ತಿಗೆ ಎರಡೂ ಹೋಳುಗಳು ದೋಣಿಯ ಹಾಗೆ ಗುಳಿಬಿದ್ದಿದ್ದವು. ಒಳಗೋಡೆಗೆ ಮೇಣ ಉಜ್ಜಿ, ಜೋಡಿಸಿ ತಂತಿ ಬಿಗಿದು, ಸಂದಿಗೆ ಜೇಡಿಮಣ್ಣು ಮೆತ್ತಿ, ತೂತು ಕೊರೆದಳು.

ಯಮನೂರಪ್ಪ ಇದನ್ನೆಲ್ಲ ಬಾಗಿಲಲ್ಲಿ ಕೂತು ನೋಡುತ್ತಿದ್ದ. ಒಂದು ದಿನ ಮುರಿದ ಹೊರಸು ಮಂಚದ ಕಾಲುಗಳನ್ನು ಬಿಚ್ಚಿ ಒಂದು ಅಟ್ಟಣಿಗೆ ಕಟ್ಟಿಕೊಟ್ಟ. ಹುಲಿಗವ್ವ ಅದನ್ನು ಹೊಂಗೆಯ ಕೆಳಗೆ ಒಯ್ದು, ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ, ಮೇಲೆ ದಿಮ್ಮಿ ಇಟ್ಟಳು. ಇರುವೆಗೆ ಇಷ್ಟೇ ಸಾಕಾಗಿತ್ತು ಎಂದು ಆಗ ಇಬ್ಬರಿಗೂ ಅನ್ನಿಸಿತು. ಬೆಲ್ಲವನ್ನು ಮಾತ್ರ ಅವಳು ಹೊಲದ ಕಡೆಗೇ ತರಲಿಲ್ಲ.

ದೀಪಾವಳಿ ಹೋಯಿತು. ದಿಮ್ಮಿಯಲ್ಲಿ ಒಮ್ಮೆ ಜೇಡ ಬಲೆ ಕಟ್ಟಿತು, ಒಮ್ಮೆ ಹಲ್ಲಿ ಸಂಸಾರ ಹೂಡಿತು. ಅವಳು ತಂತಿ ಬಿಚ್ಚಿ ಎರಡನ್ನೂ ಒಕ್ಕಲೆಬ್ಬಿಸಿ ಮತ್ತೆ ಮೇಣ ಉಜ್ಜಿದಳು. ದಿನಾ ಮುಂಜಾನೆ ಹೂಗಳ ಲಗ್ನ ಮಾಡಿ, ಸೊಂಟ ಹಿಡಿದುಕೊಂಡೇ ಹೊಂಗೆಯ ಕೆಳಗೆ ಹೋಗಿ ತೂತು ನೋಡಿಬರುತ್ತಿದ್ದಳು.

ಎಳ್ಳಮಾವಾಸ್ಯೆಯ ದಿನ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಎಲ್ಲರೂ ಹೊಲದಲ್ಲೇ ಉಂಡು ಮನೆಗೆ ಹೋದ ಮಧ್ಯಾಹ್ನ ಅವು ಬಂದವು. ಮೊದಲು ಹೊಂಗೆಯ ಮೇಲೆ ಮೋಡದಂತೆ ಸುಳಿದಾಡಿ, ಆಮೇಲೆ ತೂತಿನ ಮುಂದೆ ಕವಿದು, ಒಂದರ ಹಿಂದೊಂದು ಒಳಗಿಳಿದವು. ಹುಲಿಗವ್ವ ತೊಳೆಯುತ್ತಿದ್ದ ಪಾತ್ರೆಯನ್ನು ಹಿಡಿದುಕೊಂಡೇ ನಿಂತಳು. ಅವಳಿಗೆ ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಅತ್ತಳು.

ಸಂಜೆ ಗಂಡನಿಗೆ ಹೇಳಿದಾಗ ಅವನ ಮುಖ ಅರಳಿ, ತಟ್ಟನೆ ಬಾಡಿತು. ಬದುವಿನಾಚೆಯ ಹೊಲ ಕಳಕೇಶನದು. ಅಲ್ಲಿ ಸೂರ್ಯಕಾಂತಿ ಹೂ ಬಿಟ್ಟಿತ್ತು. ತೆನೆಗೆ ಹುಳ ಬಿದ್ದಿದೆ ಎಂದು, ಮರುದಿನ ಮುಂಜಾನೆಯೇ ಎಣ್ಣೆ ಹೊಡೆಯಲು ಯಮನೂರಪ್ಪ ಒಪ್ಪಿಕೊಂಡು ಬಂದಿದ್ದ.

"ಸಂಜಿಗೆ ಹೊಡಿರಿ. ಅಷ್ಟೊತ್ತಿಗೆ ಅವು ಮನಿ ಸೇರಿರ್ತಾವ," ಎಂದಳು ಹುಲಿಗವ್ವ.

"ಮಾತು ಕೊಟ್ಟೀನಿ," ಎಂದಷ್ಟೇ ಹೇಳಿ ಅವನು ಹೊದ್ದುಕೊಂಡು ಮಲಗಿದ.

ನಸುಕಿನಲ್ಲಿ ಅವಳು ಎದ್ದಾಗ ಹಾಸಿಗೆಯಲ್ಲಿ ಗಂಡನಿರಲಿಲ್ಲ, ಮೂಲೆಯಲ್ಲಿ ಪಂಪೂ ಇರಲಿಲ್ಲ. ಅವಳು ಎದೆ ಗಟ್ಟಿ ಮಾಡಿಕೊಂಡಳು. ಅವನು ತನ್ನ ಮಾತು ನಡೆಸಲಿ, ನಾನು ನನ್ನ ಹುಳಗಳನ್ನು ಉಳಿಸಿಕೊಳ್ಳುತ್ತೇನೆ ಎಂದುಕೊಂಡಳು. ಹಳೆಯ ಸೀರೆಯ ತುಂಡೊಂದನ್ನು ನೀರಿನಲ್ಲಿ ಅದ್ದಿಕೊಂಡು, ಬುತ್ತಿ ಕಟ್ಟಿಕೊಂಡು ನಡೆದಳು. ಒದ್ದೆ ಬಟ್ಟೆ ತೂತಿಗೆ ತುರುಕಿ, ಎಣ್ಣೆಯ ಗಾಳಿ ಆರುವ ತನಕ ಅವುಗಳನ್ನು ಒಳಗೇ ತಡೆದಿಡುವುದು ಅವಳ ಲೆಕ್ಕ.

ಹೊಂಗೆಯ ಕೆಳಗೆ ಯಮನೂರಪ್ಪ ಕೂತಿದ್ದ. ಪಂಪು ದೂರದಲ್ಲಿ, ದಿಮ್ಮಿಯ ಕಡೆ ಗಾಳಿ ಬೀಸದ ಬದುವಿನಲ್ಲಿತ್ತು. ಅವನು ದಿಮ್ಮಿಯನ್ನೇ ನೋಡುತ್ತಿದ್ದ. ಬೆಳಕಿಗೆ ಮೊದಲ ಹುಳಗಳು ತೂತಿನಿಂದ ಹೊರಬಂದು, ರೆಕ್ಕೆ ಒದರಿ, ಕುಂಬಳದ ಹೂಗಳ ಕಡೆ ಇಳಿಯುತ್ತಿದ್ದವು.

ಅಷ್ಟರಲ್ಲಿ ಕಳಕೇಶನ ಗಾಡಿ ಬಂತು. ಅವನು ಇಳಿಯದೆಯೇ, ಹೊತ್ತೇರುತ್ತಿದೆ, ಇನ್ನೂ ಇಲ್ಲಿಯೇ ಕೂತಿದ್ದೀಯಲ್ಲ ಎಂದು ಮುಖ ಗಂಟಿಕ್ಕಿದ.

"ಸಂಜಿಗೆ ಬರ್ತೀನಿ, ತಮ್ಮಾ," ಎಂದ ಯಮನೂರಪ್ಪ. "ನಮ್ಮ ಮನಿಗೆ ಬೀಗರು ಬಂದಾರ."

ಬೀಗರೆಲ್ಲಿ ಎಂದು ಕಳಕೇಶ ಅತ್ತಿತ್ತ ನೋಡಿದ. ಯಮನೂರಪ್ಪ ಗದ್ದದಿಂದಲೇ ದಿಮ್ಮಿಯನ್ನು ತೋರಿಸಿದ. ಕಳಕೇಶನಿಗೆ ರೇಗಿತು. ಹುಳ ತೆನೆ ತಿನ್ನುತ್ತಿರುವಾಗ ಇದೆಂಥ ಆಟ, ಬೇರೆಯವರನ್ನು ಕರೆಸುತ್ತೇನೆ ಎಂದ.

"ಕರಸು. ಅವಂಗೂ ಸಂಜೀಕೇ ಬಾ ಅನ್ನು," ಎಂದ ಯಮನೂರಪ್ಪ. "ಹೋದ ವರ್ಷ ನಿನ್ನ ತೆನಿ ಎಲ್ಲಾ ಜೊಳ್ಳು ಆದ್ವಲ್ಲ. ಹೂ ಅರಳಿದಾಗ ಮುಂಜಾನಿ ಮುಂಜಾನಿ ಹೊಡದು ಜೇನು ಕೊಂದಾಂವ ನಾನ. ಅದು ಹುಳ ಮಾಡಿದ್ದಲ್ಲ, ನಾ ಮಾಡಿದ್ದು."

ಕಳಕೇಶ ಗಾಡಿ ಆರಿಸಿದ. ಅದರ ಸದ್ದು ನಿಂತೊಡನೆ ದಿಮ್ಮಿಯ ಒಳಗಿನ ಗುಂಯ್ ಎನ್ನುವುದು ಮೂವರಿಗೂ ಕೇಳಿಸಿತು. ಹುಲಿಗವ್ವ ಬುತ್ತಿಯ ಗಂಟು ಬಿಚ್ಚಿದಳು. ಅವಸರದಲ್ಲಿ ರೊಟ್ಟಿಯ ಜೊತೆ ಬೆಲ್ಲವನ್ನೂ ಕಟ್ಟಿಕೊಂಡು ಬಂದದ್ದು ಆಗ ಗೊತ್ತಾಯಿತು. ಒಂದು ಹೆಂಟೆ ಬೆಲ್ಲ, ಒಂದು ಲೋಟ ನೀರು ತೆಗೆದುಕೊಂಡು ಹೋಗಿ ಕಳಕೇಶನ ಮುಂದೆ ಹಿಡಿದಳು.

ಅವನು ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಸಂಜೆ ತಪ್ಪಿಸಬೇಡ ಎಂದು ಗಾಡಿ ತಿರುಗಿಸಿದ.

ಹುಲಿಗವ್ವ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ ಬೇಲಿಯ ಮೇಲೆ ಹರವಿದಳು. ಆ ಮುಂಜಾನೆ ಅವಳು ಒಂದು ಗಂಡು ಹೂವನ್ನೂ ಕೀಳಲಿಲ್ಲ.