ಅಕ್ಕನ ಮದುವೆಯ ಪರ ವಾದಿಸಿದವರು

ನಮ್ಮ ನೆಂಟರ ನಡುವೆ ಈಗ ಓಡಾಡುತ್ತಿರುವ ಕಥೆ ಹೀಗಿದೆ: ಅಕ್ಕ ಚಿಕ್ಕ ವಯಸ್ಸಿನಲ್ಲಿ ಒಬ್ಬ ಕ್ರೈಸ್ತ ಹುಡುಗನನ್ನು ನಂಬಿ ಮೋಸಹೋದಳು, ಕೊನೆಗೆ ಅವರ ಚರ್ಚಿನವರೇ ವಿಚಾರಣೆ ಮಾಡಿ ಅದು ಮದುವೆಯೇ ಅಲ್ಲ ಎಂದು ತೀರ್ಪು ಕೊಟ್ಟರು, ಪೀಡೆ ಕಳೆಯಿತು. ಕಾಲೇಜಿನ ದಿನಗಳನ್ನೆಲ್ಲ ಚರ್ಚಾಸ್ಪರ್ಧೆಗಳಲ್ಲಿ ಕಳೆದ ನನ್ನಂಥವಳಿಗೆ ಇಂಥ ಕಥೆಯನ್ನು ಕೆದಕದೆ ಬಿಡಲಾಗುವುದಿಲ್ಲ. ಮೋಸಕ್ಕೆ ಪುರಾವೆಯಿಲ್ಲ. ತೀರ್ಪು ಬಂದದ್ದು ನಿಜ, ಆದರೆ ಅದು ಯಾವ ಮಾತಿನ ಮೇಲೆ ನಿಂತಿತ್ತೆಂದು ಇವರಾರಿಗೂ ಗೊತ್ತಿಲ್ಲ. ಇನ್ನು ಪೀಡೆ ಕಳೆಯಿತು ಎನ್ನುವವರು ಆ ದಿನ ಅಕ್ಕನ ಮುಖ ನೋಡಿರಲಿಲ್ಲ.

ನಮ್ಮದು ಬಸವನಗುಡಿಯ ಮನೆ. ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ತರು. ಭಾವ ಚಾಮರಾಜಪೇಟೆಯವರು, ಅಕ್ಕ ಕೆಲಸಕ್ಕಿದ್ದ ವಿಮಾ ಕಚೇರಿಯಲ್ಲೇ ಗುಮಾಸ್ತರು. ತೊಂಬತ್ತರ ದಶಕದ ನಡುವಿನಲ್ಲಿ ಇಬ್ಬರೂ ಚರ್ಚಿನಲ್ಲಿ ಮದುವೆಯಾದರು. ಅಕ್ಕ ಮತ ಬದಲಿಸಲಿಲ್ಲ, ಬಿಷಪ್ಪರ ಅನುಮತಿಯಿದ್ದರೆ ಅದರ ಅಗತ್ಯವಿಲ್ಲವಂತೆ. ನಮ್ಮ ಮನೆಯಿಂದ ಆ ಮದುವೆಗೆ ಹೋದವಳು ನಾನೊಬ್ಬಳೇ, ಅದೂ ಟ್ಯೂಷನ್ ಎಂದು ಹೇಳಿ. ಅಂದಿನಿಂದ ಅಪ್ಪನ ಪಾಲಿಗೆ ಅವರಿಗಿದ್ದದ್ದು ಒಬ್ಬಳೇ ಮಗಳು.

ಏಳೆಂಟು ವರ್ಷಗಳ ಮೇಲೆ ಆ ಸಂಸಾರ ಮುರಿಯಿತು. ಕುಡಿತ, ಹೊಡೆತ ಏನೂ ಇರಲಿಲ್ಲ. ಮಕ್ಕಳಾಗಲಿಲ್ಲ, ಮಾತು ಕಡಿಮೆಯಾಯಿತು, ಆಮೇಲೆ ಜಗಳವೂ ಕಡಿಮೆಯಾಯಿತು. ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ವಿಚ್ಛೇದನ ಪಡೆದರು. ಅಕ್ಕ ದೂರವಿದ್ದ ಆ ವರ್ಷಗಳಲ್ಲೇ ಅಮ್ಮ ತೀರಿಹೋಗಿದ್ದರು. ಸೂಟ್‌ಕೇಸ್ ಹಿಡಿದು ಬಂದ ಅಕ್ಕನಿಗೆ ಅಪ್ಪ, "ಒಳಗಿನ ರೂಮಲ್ಲಿ ಫ್ಯಾನ್ ಸರಿಯಾಗಿ ತಿರುಗಲ್ಲ, ನೋಡ್ಕೋ" ಎಂದರು. ಅಷ್ಟು ವರ್ಷಗಳ ನಂತರ ಮಗಳಿಗೆ ಅವರು ಆಡಿದ ಮೊದಲ ಮಾತು ಅದು.

ವರ್ಷ ತುಂಬುವಷ್ಟರಲ್ಲಿ ಧರ್ಮಪ್ರಾಂತ್ಯದ, ಎಂದರೆ ಬಿಷಪ್ಪರ ಆಡಳಿತದ, ನ್ಯಾಯಪೀಠದಿಂದ ಪತ್ರ ಬಂತು. ಭಾವ ತಮ್ಮ ಚರ್ಚಿನದೇ ಒಬ್ಬ ಹೆಂಗಸನ್ನು ಮದುವೆಯಾಗಬೇಕೆಂದಿದ್ದರು. ಆದರೆ ಚರ್ಚಿಗೆ ಕೋರ್ಟಿನ ವಿಚ್ಛೇದನ ಲೆಕ್ಕಕ್ಕಿಲ್ಲ. ಮೊದಲ ಮದುವೆ ಆರಂಭದಿಂದಲೇ ಅಸಿಂಧುವಾಗಿತ್ತು ಎಂದು ಸಾಬೀತಾಗುವ ತನಕ ಅಕ್ಕನೇ ಅವರ ಹೆಂಡತಿ.

"ಇದೂ ಡೈವೋರ್ಸೇ ಕಣೇ, ನಿಲುವಂಗಿ ಹಾಕ್ಕೊಂಡಿರೋ ಡೈವೋರ್ಸು," ಎಂದು ನಾನು ನಕ್ಕೆ.

ಅಕ್ಕ ನಗಲಿಲ್ಲ. "ಅಲ್ಲ. ಕೋರ್ಟಿನ ಕಾಗದದಲ್ಲಿ ಇವರಿಬ್ರಿಗೂ ಮದುವೆ ಆಗಿತ್ತು ಅಂತಾನಾದ್ರೂ ಇದೆ. ಚರ್ಚಿನವರು ಅದನ್ನೇ ತೆಗೀತಾರೆ. ನಂಗೆ ಗಂಡ ವಾಪಸ್ ಬೇಡ. ನಾನು ಮದುವೆಯಾಗಿದ್ದೆ ಅನ್ನೋದು ಒಂದು ಇರ್ಲಿ, ಸಾಕು."

ಕಂಟೋನ್ಮೆಂಟ್ ಕಡೆಯ ಆ ಕಚೇರಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ವಿಚಾರಣೆ ನಡೆಸುವ ಪಾದ್ರಿ ಮಂಗಳೂರಿನ ಕಡೆಯವರು. ಪುಸ್ತಕದಂಥ ಕನ್ನಡ, ಮೃದು ದನಿ. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದ ನನಗೆ ಆ ಮೃದುತ್ವವೇ ದೊಡ್ಡ ಅನಾನುಕೂಲವಾಯಿತು.

"ಫಾದರ್, ಅಷ್ಟು ವರ್ಷ ಒಂದೇ ಮನೇಲಿ ಸಂಸಾರ ಮಾಡಿದೋರು ಮದುವೆಯಾಗೇ ಇರ್ಲಿಲ್ಲ ಅಂತ ಹೇಗೆ ಹೇಳ್ತೀರಿ?"

"ಆ ವರ್ಷಗಳನ್ನು ನಾವು ಇಲ್ಲ ಎನ್ನುವುದಿಲ್ಲಮ್ಮ. ಒಪ್ಪಿಗೆ ಕೊಟ್ಟ ಹೊತ್ತನ್ನು ಮಾತ್ರ ನೋಡುವುದು. ಆಗ ಅವರ ಮನಸ್ಸಿನಲ್ಲಿ ಸಾಯುವವರೆಗೆ ಎಂದು ಇತ್ತೋ, ಬೇಡವಾದರೆ ಬಿಡಬಹುದು ಎಂದು ಇತ್ತೋ? ಬಿಡಬಹುದು ಎಂದಿದ್ದರೆ ಅವರು ಕೊಟ್ಟದ್ದು ಮದುವೆಯ ಒಪ್ಪಿಗೆಯೇ ಅಲ್ಲ."

ತರ್ಕದಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ. ನನ್ನ ಮುಖ ನೋಡಿ ಸಮಾಧಾನಕ್ಕೆಂಬಂತೆ ಅವರು ಹೇಳಿದರು: "ಮದುವೆ ಇತ್ತು ಎಂದು ವಾದಿಸಲಿಕ್ಕೂ ನಮ್ಮಲ್ಲಿ ಒಬ್ಬರು ಇರುತ್ತಾರೆ. ಬಂಧನದ ರಕ್ಷಕರು ಅಂತ. ಪ್ರತಿಯೊಂದು ಕೇಸಿನಲ್ಲೂ."

ಅಲ್ಲಿಯವರೆಗೆ ಸೆರಗಿನ ತುದಿ ಹಿಡಿದು ಕೂತಿದ್ದ ಅಕ್ಕ ತಲೆ ಎತ್ತಿದಳು. "ಅವರನ್ನ ಒಂದ್ಸಲ ನೋಡ್ಬಹುದಾ ಫಾದರ್?"

"ಯಾಕಮ್ಮ?"

"ಸುಮ್ನೆ. ಯಾರು ಅಂತ."

ಅವರು ಯಾರನ್ನೂ ಭೇಟಿಯಾಗುವುದಿಲ್ಲ, ಹೇಳಿಕೆಗಳನ್ನು ಓದಿ ಬರೆದು ಕೊಡುತ್ತಾರೆ ಅಷ್ಟೇ ಎಂದು ಪಾದ್ರಿ ಫೈಲಿನತ್ತ ನೋಡುತ್ತ ಹೇಳಿದರು.

ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದ ಅಕ್ಕ ಕೇಳಿದಳು, "ಚೆನ್ನಾಗಿ ವಾದ ಮಾಡ್ತಾರಾ ಅವರು?"

"ಮಾಡ್ತಾರೆ," ಎಂದೆ. ಮರಣದಂಡನೆ ಬೇಕೆಂದು ಬೆಳಿಗ್ಗೆ ಗಂಟಲು ಕಟ್ಟುವಷ್ಟು ವಾದಿಸಿ, ಮಧ್ಯಾಹ್ನ ಬೇಡವೆಂದು ಅಷ್ಟೇ ಬಿಸಿಯಾಗಿ ವಾದಿಸಿ, ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದವಳು ನಾನು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತಿಳಿದುಕೊಳ್ಳುತ್ತಿದ್ದೆವು. ಆ ರಕ್ಷಕರ ವಾದದಲ್ಲಿ ಅಕ್ಕನ ಮೇಲಿನ ನಂಬಿಕೆ ಎಷ್ಟಿರಬಹುದೆಂದು ನನಗೆ ಗೊತ್ತಿತ್ತು. ಆದರೆ ಅವಳ ಪರವಾಗಿ ಇಡೀ ಬೆಂಗಳೂರಿನಲ್ಲಿ ಇದ್ದದ್ದು ಅವರೊಬ್ಬರೇ.

ಭಾವ ತಮ್ಮ ಅರ್ಜಿಯಲ್ಲಿ ಆಧಾರವಾಗಿ ಕೊಟ್ಟದ್ದು ಒಂದೇ ಮಾತು. ಸಾಕ್ಷಿಯಾಗಿ ಕೊಟ್ಟದ್ದು ನನ್ನ ಹೆಸರು.

ಮದುವೆಗೆ ಸ್ವಲ್ಪ ದಿನ ಮುಂಚೆ ಚಾಮರಾಜಪೇಟೆಯ ದರ್ಶಿನಿಯೊಂದರಲ್ಲಿ ಮೂವರೂ ನಿಂತು ಕಾಫಿ ಕುಡಿಯುತ್ತಿದ್ದೆವು. ಮನೆ ಬಿಟ್ಟು ಬರುವ ಭಯದಲ್ಲಿ ಅಕ್ಕ ಲೋಟದ ಕಾಫಿ ಚೆಲ್ಲಿಕೊಂಡಳು. ಭಾವ ಕರವಸ್ತ್ರ ಕೊಟ್ಟು ನಗುತ್ತ ಅಂದರು: "ಅಯ್ಯೋ, ಇಷ್ಟ್ಯಾಕೆ ಹೆದರ್ತೀಯ? ಸರಿಹೋಗ್ಲಿಲ್ಲ ಅಂದ್ರೆ ನಾನೇ ಆಟೋದಲ್ಲಿ ಕೂರಿಸ್ಕೊಂಡು ನಿಮ್ಮನೆ ಹತ್ರ ಬಿಟ್ಟು ಬರ್ತೀನಿ, ಆಯ್ತಾ? ಮದುವೆ ಅಂದ್ರೆ ಜೈಲಲ್ಲ."

"ಆಟೋದವನು ಒಂದೂವರೆ ಮೀಟರ್ ಕೇಳ್ತಾನೆ ಭಾವ, ಯಾರು ಕೊಡ್ತಾರೆ?" ಎಂದೆ ನಾನು.

"ನೀನೇ ಕೊಡು ಪುಟ್ಟಿ, ಬಾಯಿ ಮಾಡಿದ್ದಕ್ಕೆ ದಂಡ."

ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಅವಳಿಗೆ ಧೈರ್ಯ ಬಂದದ್ದು ಆ ಮಾತಿನಿಂದ. ಮನೆ ಬಿಟ್ಟು ಹೊರಟದ್ದು ಆ ಧೈರ್ಯದಿಂದ. ಅದೇ ಮಾತು ಈಗ, ಮದುವೆ ಕೊನೆಯವರೆಗೆ ಎಂಬ ನಂಬಿಕೆ ತನಗೆ ಮೊದಲಿನಿಂದಲೂ ಇರಲಿಲ್ಲ ಎಂಬುದಕ್ಕೆ ಭಾವ ಕೊಟ್ಟ ಪುರಾವೆ.

ಸಾಕ್ಷಿ ಹೇಳುವ ಹಿಂದಿನ ದಿನ ಅಕ್ಕನ ಮುಂದೆ ನಾನು ತರ್ಕ ಹೂಡಿದೆ. "ನೋಡು, ಅವತ್ತು ಅವರು ಮನಸಾರೆ ಹೇಳಿದ್ರೆ ಮದುವೆ ಸುಳ್ಳು. ಸುಮ್ನೆ ಸಮಾಧಾನಕ್ಕೆ ಹೇಳಿದ್ರೆ ಮದುವೆ ನಿಜ, ಇವತ್ತಿನ ಅರ್ಜಿ ಸುಳ್ಳು."

"ನಿನ್ನ ಡಿಬೇಟ್ ನಿಲ್ಸು ಮಾರಾಯ್ತಿ," ಎಂದಳು. "ಕೇಳಿದ್ರೆ ನಡೆದದ್ದನ್ನ ಹೇಳು. ಒಂದು ಮಾತು ಹೆಚ್ಚು ಬೇಡ, ಒಂದು ಕಮ್ಮಿ ಬೇಡ. ನಾನೂ ಅಷ್ಟೇ ಹೇಳಿ ಬಂದಿದೀನಿ."

ನಿಮ್ಮ ದೇವರ ಹೆಸರಿನಲ್ಲೇ ಪ್ರಮಾಣ ಮಾಡಬಹುದು ಎಂದರು ಪಾದ್ರಿ. ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದೆ. "ಹಾಗಾದರೆ ಸುಮ್ಮನೆ ನಿಜ ಹೇಳಿಬಿಡಿ, ಅದು ಇನ್ನೂ ಕಷ್ಟ," ಎಂದು ಫೈಲು ತೆರೆದರು. ಕೇಳಿದ್ದೆಲ್ಲವನ್ನೂ ಹೇಳಿದೆ. ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಕಚೇರಿಯವರು ಕೊನೆಗೆ ಓದಿದಾಗ, 'ಅವರು ಹೇಳಿದರು' ಎಂದು ಮಾತ್ರ ಇತ್ತು.

"'ನಗುತ್ತ ಹೇಳಿದರು' ಅಂತ ಬರೀರಿ," ಎಂದೆ.

"ಅರ್ಥ ಅದೇ ಅಲ್ವಾ ಮೇಡಂ?"

"ಅಲ್ಲ. ಬರೀರಿ."

ಪಾದ್ರಿ ಆಗಲಿ ಎಂದು ತಲೆಯಾಡಿಸಿದರು. ಕಚೇರಿಯವರು ಬರೆದರು.

ಬಹಳ ತಿಂಗಳು ಕಳೆದು ತೀರ್ಪು ಬಂತು: ಮದುವೆ ಅಸಿಂಧು. ಮೇಲಿನ ಪೀಠವೂ ಅದನ್ನೇ ಎತ್ತಿಹಿಡಿದಿತ್ತು. ತೀರ್ಪಿನ ನಡುವೆ ಒಂದು ಕಡೆ ರಕ್ಷಕರ ವಾದದ ಸಾರಾಂಶವಿತ್ತು: ಆ ಮಾತನ್ನು ನಗುತ್ತ ಹೇಳಲಾಗಿದೆ, ಹೆದರಿದ ಹುಡುಗಿಗೆ ಧೈರ್ಯ ತುಂಬಲು ಹೇಳಿದ ಮಾತು ಮನಸ್ಸಿನ ನಿರ್ಧಾರವಾಗಲಾರದು. ಅದರ ಕೆಳಗೇ ನ್ಯಾಯಾಧೀಶರು ಇದನ್ನು ಒಪ್ಪಲಾಗದು ಎಂದು ಬರೆದಿದ್ದರು. ಅಕ್ಕ ಕೆಳಗಿನದನ್ನು ಬಿಟ್ಟು ಮೇಲಿನದನ್ನೇ ಮತ್ತೆ ಮತ್ತೆ ಓದಿದಳು.

"ಅವರಿಗೆ ಅರ್ಥ ಆಗಿತ್ತು ಕಣೇ," ಎಂದಳು. ಅದು ಅವರ ಕೆಲಸ ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು. ನುಂಗಿಕೊಂಡೆ. ಆಮೇಲೆ ಅವಳು ಒಳಗೆ ಹೋಗಿ ಮಲಗಿದಳು. ಮರುದಿನ ಕೆಲಸಕ್ಕೆ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಊಟಕ್ಕೆ ಕರೆದರೆ "ಆಮೇಲೆ" ಎನ್ನುತ್ತಿದ್ದಳು. ವಿಚ್ಛೇದನವಾದಾಗ ಅವಳು ಹೀಗಿರಲಿಲ್ಲ. ಆಗ ಕಳೆದುಕೊಂಡದ್ದು ಏನೆಂದು ಹೇಳಲು ಒಂದು ಪದವಾದರೂ ಇತ್ತು.

ಅಪ್ಪನ ಮುಖದಲ್ಲಿ ಮಾತ್ರ ಎಷ್ಟೋ ವರ್ಷಗಳ ನಂತರ ಕಳೆ ಬಂದಿತ್ತು. ತೀರ್ಪನ್ನು ಒಂದು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಬಂದರು. ಸಂಜೆ ಹಾಲ್‌ನಲ್ಲಿ ಕೂತು ಮಲ್ಲೇಶ್ವರದಲ್ಲಿ ಗಂಡುಹೆಣ್ಣಿನ ಜಾತಕ ಕೂಡಿಸುವವರೊಬ್ಬರಿಗೆ ಫೋನು ಹಚ್ಚಿದರು. "ಇಲ್ಲ ಸ್ವಾಮಿ, ಎರಡನೇ ಸಂಬಂಧ ಅಲ್ಲ. ಆಗೇ ಇರ್ಲಿಲ್ಲ ಅಂತ ಅವರ ಚರ್ಚಿನವರೇ ಬರೆದು ಕೊಟ್ಟಿದಾರೆ. ಸೀಲ್ ಇದೆ. ಮೊದಲನೇದು ಅಂತಲೇ ಹೇಳಿ." ಒಳಗಿನ ರೂಮಿನ ಬಾಗಿಲು ತೆರೆದೇ ಇತ್ತು, ದನಿ ತಗ್ಗಿಸಬೇಕೆಂದು ಅವರಿಗೆ ಅನಿಸಲಿಲ್ಲ.

ಅವರು ಫೋನಿಡುವುದನ್ನೇ ಕಾದು ಎದುರಿಗೆ ನಿಂತೆ.

"ಅಪ್ಪ, ಮದುವೆನೇ ಆಗಿರ್ಲಿಲ್ಲ ಅಂದ್ರೆ, ಅಮ್ಮ ತೀರಿಹೋದ ದಿನ ಅಕ್ಕನ್ನ ಯಾಕೆ ಗೇಟಿನ ಆಚೆನೇ ನಿಲ್ಲಿಸಿದ್ರಿ?"