ಬಣ್ಣ ಬಿಟ್ರ ನಮ್ಮಾಕಿನ್ನ ಕೇಳ್ರಿ

ಇಸವಿ ಸಾವಿರದ ಒಂಬೈನೂರ ಆರು ಇರಬೇಕು. ನಮ್ಮ ಇಳಕಲ್ಲಿಗೆ ಗಿರಣಿ ಸೀರೆಗಳು ಗಾಡಿಗಟ್ಟಲೆ ಬರತೊಡಗಿದ್ದ ಕಾಲ. ಸಾವಕಾರರ ಕೂಲಿ ನೇಯ್ಗೆ ಸಾಕಾಗಿ ನಾನು ನನ್ನದೇ ಮಗ್ಗ ಹೂಡಿದ್ದೆ. ಹೂಡಿದ್ದೇನೋ ಸರಿ, ಸೀರೆ ಕೊಳ್ಳುವವರು ಯಾರು? ಸಂತೆಯಲ್ಲಿ ಅಂಗಡಿ ಹಾಕುವ ತಾಕತ್ತಿಲ್ಲ, ಡಂಗುರ ಸಾರಿಸುವ ಗತಿಯೂ ಇಲ್ಲ. ಆ ವರ್ಷ ಮಾರಾಟವಾಗದಿದ್ದರೆ ಮಗ್ಗ ಬಿಚ್ಚಿ ಮತ್ತೆ ಸಾವಕಾರರ ಬಾಗಿಲಿಗೇ ಹೋಗಬೇಕಿತ್ತು.

ಉಪಾಯ ಹೇಳಿದವಳು ನನ್ನ ಹೆಂಡತಿ ನೀಲವ್ವ. "ಒಂದ್ ಸೀರಿ ನನಗ ಕೊಡ್ರಿ. ಉಟ್ಕೊಂಡು ಊರೆಲ್ಲ ಅಡ್ಡಾಡ್ತೇನಿ."

"ಹುಚ್ಚಿ, ಉಟ್ಟ ಸೀರಿ ಯಾರ್ ತಗೋತಾರ?" ಎಂದೆ.

"ಉಟ್ಟದ್ದನ್ನ ಮಾರ್ರಿ ಅಂದ್ನೇನು? ಅದನ್ನ ನೋಡಿ ಹೊಸಾದು ಕೇಳ್ತಾರ. ನಿಮಗ ನೇಯೋದೊಂದ ಗೊತ್ತು ನೋಡ್ರಿ," ಎಂದು ನಕ್ಕಳು.

ಅಂದಿನಿಂದ ಬಾವಿ, ಬಳೆಗಾರರ ಓಣಿ, ತೊಟ್ಟಿಲ ಶಾಸ್ತ್ರ, ಎಲ್ಲಿ ನಾಲ್ಕು ಹೆಂಗಸರು ಸೇರುತ್ತಾರೋ ಅಲ್ಲಿಗೆ ಹೋದಳು. ಕೆಂಪು ರೇಷ್ಮೆ ಸೆರಗನ್ನು ತಲೆ ಮೇಲೆ ಹೊದ್ದು, ಹಿಂದಿನವರಿಗೆ ಕಾಣಲೆಂದು ಎಲ್ಲರಿಗಿಂತ ಮುಂದೆ ನಡೆಯುವಳು. ನಾನೋ ಮಾತು ಬಾರದವನು. ಕೇಳಿದವರಿಗೆ ಏನು ಹೇಳಬೇಕೆಂದು ಅವಳೇ ಕಲಿಸಿದಳು: "ನಮ್ಮ ಮನಿ ಮಗ್ಗದ್ದರಿ. ಬಣ್ಣ ಬಿಟ್ರ ನಮ್ಮಾಕಿನ್ನ ಬಂದ್ ಕೇಳ್ರಿ." ನಮ್ಮಾಕಿ ಎಂದರೆ ದಿನಾ ಅದನ್ನು ಉಟ್ಟು ಒಗೆಯುವ ಅವಳೇ. ಮಗ್ಗದ ಕುಣಿಯಲ್ಲಿ ಕೂತು ಆ ಮಾತನ್ನೇ ಗಿಳಿಯ ಹಾಗೆ ಉರು ಹೊಡೆದೆ. ಒಂದೊಂದೇ ಸೀರೆ ಹೋಗತೊಡಗಿತು.

ಅಷ್ಟರಲ್ಲಿ ಹುನಗುಂದದ ದೊಡ್ಡ ಮನೆಯೊಂದರಲ್ಲಿ ಮದುವೆ ಬಂತು. ನಡೆದೇ ಹೋಗಬೇಕು. ಹಿಂದಿನ ದಿನದಿಂದ ನೀಲವ್ವನಿಗೆ ಜ್ವರ.

"ಮೈ ಕೆಂಡ ಆಗೇತ್ರಿ. ನಾ ಒಲ್ಲೆ," ಎಂದಳು. ಅವಳು ಒಲ್ಲೆ ಎಂದದ್ದು ಅದೊಂದೇ ಸಲ.

"ಇದೊಂದ್ ದಿನ ತಡ್ಕೊ. ಅಷ್ಟ್ ಮಂದಿ ಹೆಣ್ಮಕ್ಕಳು ಮತ್ತ ಒಂದ ಕಡೆ ಸಿಗ್ತಾರೇನು?" ಎಂದೆ. ಆ ಮಾತಾಡಿದ ಬಾಯಿಗೆ ಮಣ್ಣು ಹಾಕಬೇಕು.

ಓಣಿಯವರ ಜೊತೆ ಹೋದಳು. ಬಂದು ಮಲಗಿದವಳು ಏಳಲಿಲ್ಲ. ಐದನೆಯ ದಿನ ತೀರಿಕೊಂಡಳು.

ಓಣಿಯ ಹೆಂಗಸರು ಉಡಿಸಲು ಸೀರೆ ಕೇಳಿದರು. ಮಗ್ಗದ ಮೇಲಿದ್ದದ್ದು ಅರ್ಧ ನೇಯ್ದದ್ದು. ಅವಳ ಗಂಟು ಬಿಚ್ಚಿದರೆ ಎರಡೇ ಸೀರೆ, ಎರಡಕ್ಕೂ ತೇಪೆ. ನೇಕಾರನ ಹೆಂಡತಿಯ ಗಂಟು ಅದು! ಕೊನೆಗೆ ಆ ತೋರಿಸುವ ಸೀರೆಯನ್ನೇ ಉಡಿಸಿದರು. ನಮ್ಮಲ್ಲಿ ಬಿದಿರಿನ ವಿಮಾನ ಕಟ್ಟಿ, ಸತ್ತವರನ್ನು ಅದರಲ್ಲಿ ಕೂರಿಸಿ ಹೊರುತ್ತಾರೆ. ತಲೆ ಮೇಲೆ ಅದೇ ಕೆಂಪು ಸೆರಗು, ಅವಳು ದಿನಾ ಅಡ್ಡಾಡಿದ ಅದೇ ಓಣಿ, ಎಲ್ಲರಿಗೂ ಕಾಣುವ ಹಾಗೆ ಹೋದಳು.

ತಿರುವಿನಲ್ಲಿ ಹೊತ್ತವರು ಹೆಗಲು ಬದಲಿಸಲು ನಿಂತರು. ಪಕ್ಕದ ಮನೆಯ ಕಟ್ಟೆ ಮೇಲೆ, ನೆಂಟರ ಮನೆಗೆಂದು ಬಂದ ಬೇರೆ ಊರಿನ ಹೆಂಗಸೊಬ್ಬಳಿದ್ದಳು. ಗಂಡ ನಾನೇ ಎಂದು ಆಕೆಗೆ ಗೊತ್ತಿರಲಿಲ್ಲ.

"ಪುಣ್ಯವಂತಿ, ಮುತ್ತೈದಿಯಾಗಿ ಹೋದ್ಲು," ಎಂದು ಮೆಲ್ಲಗೆ ನನ್ನನ್ನು ಕೇಳಿದಳು, "ಸೆರಗು ಭಾಳ ಚೆಂದ ಐತಿ. ಎಲ್ಲೀದು ಯಣ್ಣಾ ಈ ಸೀರಿ?"

ಎಲುಬಿಲ್ಲದ ನಾಲಿಗೆ ನೋಡಿ, ಯೋಚಿಸುವ ಮೊದಲೇ ಹೊರಳಿತು. "ನಮ್ಮ ಮನಿ ಮಗ್ಗದ್ದರಿ. ಬಣ್ಣ ಬಿಟ್ರ ನಮ್ಮಾಕಿನ್ನ ಬಂದ್ ಕೇಳ್ರಿ."

ಆಕೆ ವಿಮಾನದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋಗಿಬಿಟ್ಟಳು. ನಾನು ಅಲ್ಲೇ ಭೂಮಿಗಿಳಿದು ಹೋಗಬಾರದೇ ಅನ್ನಿಸಿತು.

ತಿಂಗಳೊಳಗೆ ಹುನಗುಂದದ ಆ ಮದುವೆ ಮನೆಯವರೇ ಸೀರೆ ಬೇಕೆಂದು ಹೇಳಿ ಕಳಿಸಿದರು. ಮಗ್ಗ ಉಳಿಯಿತು, ಇವತ್ತಿಗೂ ಉಣ್ಣುತ್ತಿರುವುದು ಅದರಿಂದಲೇ. ಅವಳನ್ನು ಅಂದು ಮನೆಯಲ್ಲಿ ಮಲಗಿಸಿದ್ದರೆ ಬದುಕುತ್ತಿದ್ದಳೋ ಏನೋ, ಆ ಸಂಕಟ ಮಾತ್ರ ಹೋಗಿಲ್ಲ. ನಮ್ಮ ಸೀರೆ ಬಣ್ಣ ಬಿಟ್ಟಿತೆಂದು ಇದುವರೆಗೆ ಯಾರೂ ಬಂದಿಲ್ಲ. ಬಂದರೆ ಯಾರನ್ನು ತೋರಿಸಲಿ?