ಚಿಗವ್ವನ ಖಾನಾವಳಿಯಲ್ಲಿ ಉಂಡವರು

ರಾಮದುರ್ಗದ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಅಮೆರಿಕದ ಅಂತರ್ಯುದ್ಧದ ಪಾಠ ಪ್ರತಿ ವರ್ಷವೂ ಒಂದೇ ಕಡೆ ಬಂದು ನಿಲ್ಲುತ್ತದೆ. ಯುದ್ಧ ಗೆದ್ದ ಅಧ್ಯಕ್ಷ ಹೆಂಡತಿಯ ಜೊತೆ ನಾಟಕ ನೋಡುತ್ತ ಕುಳಿತಿದ್ದಾಗ ನಟನೊಬ್ಬ ಹಿಂದಿನಿಂದ ಬಂದು ಗುಂಡು ಹಾರಿಸಿದ ಎಂಬಲ್ಲಿಗೆ ಪಠ್ಯಪುಸ್ತಕದವರು ಕೈ ತೊಳೆದುಕೊಳ್ಳುತ್ತಾರೆ. ಹೋದ ವರ್ಷ ಸುರೇಬಾನದಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತು, ಕೊಂದವನು ಒಬ್ಬನೇ ಇದ್ದನೋ, ಜೋಡಿ ಯಾರಾದರೂ ಇದ್ದರೋ, ಇದ್ದರೆ ಅವರ ಗತಿ ಏನಾಯಿತು ಎಂದು ಕೇಳಿದಳು. ಅವಳ ಊರಿನಲ್ಲೇ ಹಿಂದೊಮ್ಮೆ ಬ್ರಿಟಿಷ್ ಅಧಿಕಾರಿಯೊಬ್ಬನ ಕೊಲೆಯಾಗಿತ್ತು. ಆ ಕಥೆ ಕೇಳುತ್ತ ಬೆಳೆದವಳಿಗೆ ಇಂಥ ಪ್ರಶ್ನೆ ಹೊಳೆದದ್ದು ಸಹಜವೇ.

ನನಗೆ ತಿಳಿದಷ್ಟು ಹೇಳಿದೆ. ಕೊಂದವನು ಕಾಲು ಮುರಿದುಕೊಂಡು ಕುದುರೆ ಮೇಲೆ ಓಡಿಹೋಗಿ, ಕೊನೆಗೆ ಸೈನಿಕರು ಬೆಂಕಿಯಿಟ್ಟ ಕೊಟ್ಟಿಗೆಯೊಂದರಲ್ಲಿ ಗುಂಡು ತಿಂದು ಸತ್ತ. ಅವನ ಜೊತೆಗಾರರೆಂದು ಎಂಟು ಜನರನ್ನು ಹಿಡಿದು ಸೇನೆಯ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಉಪಾಧ್ಯಕ್ಷನನ್ನು ಕೊಲ್ಲಲು ಒಪ್ಪಿಕೊಂಡಿದ್ದವನು ಧೈರ್ಯ ಸಾಲದೆ ಕುಡಿದು ಊರು ಸುತ್ತಿದ್ದ, ಅವನಿಗೂ ಗಲ್ಲಾಯಿತು. ಮುರಿದ ಕಾಲಿಗೆ ಪಟ್ಟಿ ಕಟ್ಟಿದ ವೈದ್ಯನನ್ನು ಸಮುದ್ರದ ನಡುವಿನ ಕೋಟೆಗೆ ಹಾಕಿದರು. ಅಲ್ಲಿ ಜ್ವರದ ಪಿಡುಗು ಬಂದು ಜೈಲಿನ ವೈದ್ಯನೇ ತೀರಿಕೊಂಡಾಗ ಇವನು ಕೈದಿಗಳಿಗೂ ಕಾವಲುಗಾರರಿಗೂ ಔಷಧಿ ಕೊಟ್ಟ. ಆಮೇಲೆ ಕ್ಷಮೆ ಸಿಕ್ಕಿತು. ಗಲ್ಲಿಗೇರಿದ ನಾಲ್ವರಲ್ಲಿ ಒಬ್ಬಳು ಹೆಂಗಸು. ಗಂಡ ಸತ್ತ ಮೇಲೆ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಬಂದವರಿಗೆ ಊಟ ಹಾಕಿ ಬದುಕುತ್ತಿದ್ದವಳು. ಸಂಚು ನಡೆದದ್ದು ಅವಳ ಮನೆಯಲ್ಲಿ. ಅವಳಿಗೆ ಎಷ್ಟು ಗೊತ್ತಿತ್ತು ಎಂಬುದರ ಬಗ್ಗೆ ಇವತ್ತಿಗೂ ವಾದ ಮುಗಿದಿಲ್ಲ.

ಇದನ್ನೇ ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ನಾಟಕ ಮಾಡುತ್ತೇವೆ ಎಂದು ಮಕ್ಕಳು ಹಟ ಹಿಡಿದರು. ಸುರೇಬಾನದ ಹುಡುಗಿಗೆ ಆ ಹೆಂಗಸಿನ ಪಾತ್ರ ಸಿಕ್ಕಿತು. ಆದರೆ ತಾಲೀಮಿನಲ್ಲಿ ಅವಳು ರಾಣಿಯ ಹಾಗೆ ಎದೆ ಸೆಟೆಸಿ ನಡೆಯುತ್ತಿದ್ದಳು. ಸವದತ್ತಿಯಲ್ಲಿ ನನ್ನ ಚಿಗವ್ವ, ಅವ್ವನ ತಂಗಿ, ಇದ್ದಾಳೆ, ಬಹಳ ವರ್ಷ ಖಾನಾವಳಿ ನಡೆಸಿದವಳು, ಅಂಥವರು ಹೇಗೆ ಕೂರುತ್ತಾರೆ, ಹೇಗೆ ಬಡಿಸುತ್ತಾರೆ ನೋಡಿಕೊಂಡು ಬರೋಣ ಎಂದು ಒಂದು ರವಿವಾರ ಹುಡುಗಿಯನ್ನು ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಚಿಗವ್ವನ ಉಳಿದ ಕಥೆಯನ್ನೂ ಹೇಳಿದೆ.

ಚಿಗವ್ವನನ್ನು ಬೈಲಹೊಂಗಲದಿಂದ ಸವದತ್ತಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ತವರಿಗೆ ಮರಳದೆ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ಹಾಕಿದಳು. ಹಿತ್ತಲ ಕೋಣೆಯಲ್ಲಿ ಮೂವರು ಹುಡುಗರು ಬಾಡಿಗೆಗಿದ್ದರು. ಮೂವರೂ ತೊರಗಲ್ಲಿನ ಕಡೆಯ ಒಂದು ಹಳ್ಳಿಯವರು, ಸವದತ್ತಿಯ ಅಂಗಡಿಗಳಲ್ಲಿ ಕೆಲಸಕ್ಕಿದ್ದರು. ಆ ಹಳ್ಳಿಯ ಪಂಚಾಯತಿ ಅಧ್ಯಕ್ಷರಿಗೂ ಇವರ ಮನೆತನಗಳಿಗೂ ಹೊಲದ ದಾರಿಯ ಜಗಳವಿತ್ತು. ಒಂದು ಮುಂಜಾನೆ ಹೊಲಕ್ಕೆ ಹೊರಟಿದ್ದ ಅಧ್ಯಕ್ಷರನ್ನು ದಾರಿಯಲ್ಲೇ ಕೊಡಲಿಯಿಂದ ಕಡಿದು ಹಾಕಿದರು. ನಾನಾಗ ಹೈಸ್ಕೂಲಿನಲ್ಲಿದ್ದೆ.

ಮೂವರಲ್ಲಿ ಕಿರಿಯವನು ಕೊಲೆಯ ದಿನ ಹೋಗದೆ ಸವದತ್ತಿಯಲ್ಲೇ ಉಳಿದಿದ್ದ. ಶಿಕ್ಷೆ ತಪ್ಪಿಸಿಕೊಳ್ಳಲು ಅವನೇ ಮಾಫಿ ಸಾಕ್ಷಿಯಾದ. ಎಲ್ಲ ಮಾತುಕತೆ ಹಿತ್ತಲ ಕೋಣೆಯಲ್ಲಿ ನಡೆಯಿತು, ಊಟ ಬಡಿಸಲು ಬಂದ ಖಾನಾವಳಿಯವಳಿಗೂ ಗೊತ್ತಿತ್ತು ಎಂದು ಹೇಳಿದ. ಚಿಗವ್ವನನ್ನು ಬೆಳಗಾವಿ ಜೈಲಿಗೆ ಹಾಕಿದರು. ಅವ್ವ ತೊಳೆದ ಸೀರೆ ತೆಗೆದುಕೊಂಡು ಹೋಗಿಬರುತ್ತಿದ್ದಳು. ಚಿಗವ್ವನ ಮಗಳು ನಮ್ಮ ಮನೆಯಲ್ಲಿದ್ದು ನನ್ನ ಜೊತೆ ಶಾಲೆಗೆ ಬರುತ್ತಿದ್ದಳು. ಕೇಸು ನಡೆದು, ಊಟ ಬಡಿಸಿದ್ದನ್ನು ಸಂಚು ಎನ್ನಲಾಗದು ಎಂದು ನ್ಯಾಯಾಧೀಶರು ಅವಳನ್ನು ಬಿಟ್ಟರು. ಕಡಿದವರಿಬ್ಬರಿಗೆ ಜೀವಾವಧಿಯಾಯಿತು. ಅವಳು ಬಂದು ಖಾನಾವಳಿಯ ಬಾಗಿಲು ತೆಗೆದಳು. ಆ ವಿಷಯವನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಬಸ್ಸಿಳಿಯುವಾಗ ಹುಡುಗಿ ಮುಖ ಸಣ್ಣದು ಮಾಡಿಕೊಂಡಿದ್ದಳು. ಅವರ ಮುಂದೆ ನಾಟಕದ ಮಾತು ತೆಗೆಯುವುದು ಬೇಡ ಎಂದಳು. ಆದರೆ ಊಟವಾದ ಮೇಲೆ ಚಿಗವ್ವನೇ, ಬಂದದ್ದು ಯಾತಕ್ಕೆ ಎಂದು ಕೇಳಿದಾಗ ಹುಡುಗಿಗೆ ಸುಳ್ಳು ಹೇಳಲಾಗಲಿಲ್ಲ. ಅಮೆರಿಕದ ಆ ಹೆಂಗಸಿನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದಳು. ಅವಳ ವಿರುದ್ಧ ದೊಡ್ಡ ಸಾಕ್ಷಿ ಹೇಳಿದವನು ಅವಳ ಮನೆಯಲ್ಲೇ ಇದ್ದು ಉಣ್ಣುತ್ತಿದ್ದವನು ಎಂದಾಗ ಚಿಗವ್ವ ತಲೆಯಾಡಿಸಿದಳು. ಮಗಳು ಹೊಸ ಅಧ್ಯಕ್ಷನ ಬಾಗಿಲಿಗೆ ಹೋಗಿ ಅತ್ತರೂ ಒಳಗೆ ಬಿಡಲಿಲ್ಲ ಎಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನೇಣಿನ ಕಟ್ಟೆಯ ಮೇಲೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಬೇಸಿಗೆಯ ಬಿಸಿಲೆಂದು ಕೊಡೆ ಹಿಡಿದಿದ್ದರು ಎಂದು ಹುಡುಗಿ ಹೇಳಿದಳು.

"ಕೊಲ್ಲಾಕ ಕರಕೊಂಡು ಹೋದವ್ರು ಬಿಸಲ ಹತ್ತತೈತಿ ಅಂತ ಕೊಡಿ ಹಿಡದ್ರು?" ಎಂದು ಚಿಗವ್ವ ಕೇಳಿದಳು.

ಆಮೇಲೆ ಹುಡುಗಿಯೇ ಮೆಲ್ಲಗೆ ಕೇಳಿದಳು. "ಆಯಿ, ಅಕಿಗೆ ಗೊತ್ತಿತ್ತಂತೀರೇನ್ರಿ?"

"ಅಕೀದು ನನಗೇನ ಗೊತ್ತವಾ. ನನಗ ಕೇಳಿಸಿತ್ತು," ಎಂದಳು ಚಿಗವ್ವ. "ರೊಟ್ಟಿ ತಗೊಂಡು ಒಳಗ ಹೋದಾಗ ಅಧ್ಯಕ್ಷರ ಹೆಸರ ಕೇಳಿಸ್ತು, ಕೊಡಲಿ ಅನ್ನೋದೂ ಕೇಳಿಸ್ತು. ನನ್ನ ನೋಡಿ ಸುಮ್ಮನಾದ್ರು. ಸಿಟ್ಟಿನ್ಯಾಗ ಹುಡುಗ್ರು ಏನರ ಅಂತಾವ ಅಂದ್ಕೊಂಡ್ನಿ. ಇನ್ನೊಂದೊಂದು ರೊಟ್ಟಿ ಹಾಕಿ ಹೊರಗ ಬಂದ್ನಿ. ಕೋರ್ಟಿನ್ಯಾಗ ಏನೂ ಕೇಳಿಸಿಲ್ಲ ಅಂತ ಹೇಳಿದ್ನಿ. ಮಗಳ ಸಣ್ಣಾಕಿ ಇದ್ಲು."

ಇಷ್ಟು ವರ್ಷ ಅವಳಿಗೆ ಅನ್ಯಾಯವಾಯಿತು ಎಂದಷ್ಟೇ ನಾನು ತಿಳಿದಿದ್ದೆ. ಈಗಲೂ ಅವಳ ಮೇಲೆ ಸಿಟ್ಟು ಬರಲಿಲ್ಲ. ಹಸಿದು ಕುಳಿತ ಮೂವರು ಹುಡುಗರ ಎದುರು ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸು ಕಣ್ಣಿಗೆ ಬಂದಳು, ಅಷ್ಟೇ.

ಹುಡುಗರ ಸುದ್ದಿಯನ್ನೂ ಅವಳೇ ಹೇಳಿದಳು. ದೊಡ್ಡವನು ಜೈಲಿನಲ್ಲೇ ಕಾಮಾಲೆಯಾಗಿ ಸತ್ತ. ಸಾಕ್ಷಿ ಹೇಳಿದವನಿಗೆ ಊರಲ್ಲಿ ನಿಲ್ಲಲಾಗಲಿಲ್ಲ, ಕೊಲ್ಹಾಪುರದ ಕಡೆ ಹೋದವನು ತಾಯಿ ಸತ್ತಾಗಲೂ ಬರಲಿಲ್ಲ. ನಡುವಿನವನು ಸನ್ನಡತೆಯ ಮೇಲೆ ಬಿಡುಗಡೆಯಾಗಿ ನೆಟ್ಟಗೆ ಖಾನಾವಳಿಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿ ಗುರುತೇ ಸಿಗಲಿಲ್ಲವಂತೆ. ಉಣ್ಣಲು ಹಾಕಿದಳು. ಅವನು ಉಂಡು, ತಾಟು ತಾನೇ ತೊಳೆದಿಟ್ಟು, ನಮ್ಮಿಂದ ನಿನಗೆ ಜೈಲಾಯಿತು ಎಂದು ಕಾಲಿಗೆ ಬಿದ್ದನಂತೆ. ಈಗ ಕಿತ್ತೂರಿನಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದಾನೆ ಎಂದಳು.

ಗ್ಯಾದರಿಂಗಿನ ದಿನ ಚಿಗವ್ವ ರಾಮದುರ್ಗಕ್ಕೆ ಬಂದಳು. ನಾನು ಕರೆದಿರಲಿಲ್ಲ, ಹುಡುಗಿ ಫೋನ್ ಮಾಡಿ ಕರೆದಿದ್ದಳು. ಹುಡುಗಿಯ ನಡಿಗೆ ಬದಲಾಗಿತ್ತು, ಬಡಿಸುವಾಗ ಸೊಂಟ ಬಾಗುತ್ತಿತ್ತು. ನೇಣಿನ ಕಟ್ಟೆಯ ಮೇಲೆ ನಾನು ಬರೆದುಕೊಟ್ಟಿದ್ದ ಉದ್ದದ ಮಾತನ್ನು ಅವಳು ಪೂರ್ತಿ ಆಡಲಿಲ್ಲ. ನಾನು ನಿರ್ದೋಷಿ ಎನ್ನಬೇಕಾದಲ್ಲಿಗೆ ಬಂದು ನಿಂತುಬಿಟ್ಟಳು. ಮರೆತಳೆಂದು ಪರದೆಯ ಹಿಂದಿನಿಂದ ಯಾರೋ ಹೇಳಿಕೊಟ್ಟರೂ ಬಾಯಿ ಬಿಡಲಿಲ್ಲ. ಚಿಗವ್ವ ಕೈ ಕಟ್ಟಿಕೊಂಡು ಕೊನೆಯವರೆಗೂ ಕುಳಿತು ನೋಡಿದಳು.

ಮರುದಿನ ಮುಂಜಾನೆ ಚಹಾ ಕುಡಿಯುತ್ತ, ತೊರಗಲ್ಲಿನ ಕಡೆ ಬಸ್ಸು ಎಷ್ಟಕ್ಕೈತಿ ಎಂದಳು. ಕೊಲೆಯಾದ ಪಂಚಾಯತಿ ಅಧ್ಯಕ್ಷರ ಹೆಂಡತಿ ಇನ್ನೂ ಇದ್ದಾರೆಂದು ಅವಳಿಗೆ ಗೊತ್ತಿತ್ತು. ನಾನು ಬೇಡವೆಂದೆ. ಅಲ್ಲಿ ಮಕ್ಕಳಿದ್ದಾರೆ, ಏನಾದರೂ ಅಂದಾರು ಎಂದೆ. ಅಂದರೆ ಅನ್ನಲಿ ಎಂದು ಚೀಲ ತೆಗೆದುಕೊಂಡಳು. ಒಬ್ಬಳನ್ನೇ ಕಳಿಸಲಾಗದೆ ನಾನೂ ಹೋದೆ.

ಆ ಮನೆಯ ಕಟ್ಟೆಯ ಮೇಲೆ ವಯಸ್ಸಾದ ಹೆಂಗಸೊಬ್ಬರು ಶೇಂಗಾ ಸುಲಿಯುತ್ತ ಕುಳಿತಿದ್ದರು. ಅವರೇ ಅಧ್ಯಕ್ಷರ ಹೆಂಡತಿ. ಚಿಗವ್ವ ತಾನು ಯಾರೆಂದು ಹೇಳಿದಳು. ಅವರು ಬಹಳ ಹೊತ್ತು ನೋಡಿದರು. ಒಳಗಿನಿಂದ ಮಗ ಬಂದು ಯಾರೆಂದು ಕೇಳಿದಾಗ, ನನ್ನ ಪರಿಚಯದವರು, ನೀ ಹೋಗು ಎಂದು ಕಳಿಸಿದರು. ಚಿಗವ್ವ ಅವರ ಎದುರು ನೆಲದ ಮೇಲೆ ಕುಳಿತಳು.

"ಅಕ್ಕಾರ, ನನಗ ಕೇಳಿಸಿತ್ತರಿ. ನಾ ಯಾರಿಗೂ ಹೇಳಲಿಲ್ಲ," ಎಂದಳು.

ಅವರ ಕೈ ನಿಂತಿತು. ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

"ನನಗೂ ಗೊತ್ತಿತ್ತವಾ," ಎಂದರು ಅವರು. "ಕಡೀತಾರಂತ ಊರ ತುಂಬ ಮಾತಿತ್ತು. ಆ ದಾರಿಗೆ ಹೋಗಬ್ಯಾಡ್ರಿ ಅಂತ ಅವತ್ತು ಮುಂಜಾನೆನೂ ಹೇಳೇನಿ. ಹೆಂಗಸಿನ ಮಾತ ಕೇಳಿ ದಾರಿ ಬಿಡ್ಲೇನು ಅಂದ್ರು. ನೀ ಬಂದು ಹೇಳಿದ್ರೂ ಹಂಗ ಅಂತಿದ್ರು."

ಚಿಗವ್ವ ಅತ್ತಳು. ಜೈಲಿನಿಂದ ಬಂದ ದಿನವೂ ಅತ್ತಿರಲಿಲ್ಲವೆಂದು ಅವ್ವ ಹೇಳುತ್ತಿದ್ದಳು. ಆ ಹೆಂಗಸು ಸಮಾಧಾನ ಮಾಡಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಸೊಸೆಯನ್ನು ಕರೆದು ಚಹಾ ಮಾಡಲು ಹೇಳಿದರು. ಚಹಾ ಬರುವತನಕ ಚಿಗವ್ವ ಕಣ್ಣೊರೆಸಿಕೊಂಡು ಅವರ ಜೊತೆ ಶೇಂಗಾ ಸುಲಿದಳು.

ಏಳುವಾಗ ಅವರೇ ಕೇಳಿದರು, ಬಿಡುಗಡೆಯಾದವನು ಈಗ ಎಲ್ಲಿದ್ದಾನೆ ಎಂದು. ಕಿತ್ತೂರಿನಲ್ಲಿ ಎಂದಳು ಚಿಗವ್ವ. ಮಕ್ಕಳಿದ್ದಾರೇನು ಎಂದರು. ಬಿಡುಗಡೆಯಾದ ಮೇಲೆ ತಡವಾಗಿ ಮದುವೆಯಾದ, ಒಬ್ಬಳೇ ಮಗಳು, ಕಾಲೇಜಿಗೆ ಹೋಗುತ್ತಾಳೆ ಎಂದಳು. ನಾವು ಮೆಟ್ಟಿಲಿಳಿದಾಗ, ಬಸ್ಸು ಊರ ಮುಂದಿನ ತಿರುವಿನಲ್ಲಿ ನಿಲ್ಲುತ್ತದೆ, ಲಗು ಹೋಗ್ರಿ, ತಪ್ಪಿದರೆ ಮುಂದಿನದು ಸಂಜೆಗೇ ಎಂದು ಎಚ್ಚರಿಸಿದರು. ನಾವು ಲಗುಬಗೆಯಿಂದ ನಡೆದೆವು.